ನಾನು ಆರಿಸಿದ ಮಂಗಳವಾರ

ನಮ್ಮ ಬೀದಿಯ ತಿರುವಿನಲ್ಲಿ ಪ್ರತಿ ಬೇಸಿಗೆ ಒಂದು ಫ್ಲೆಕ್ಸ್ ಕಟ್ಟುತ್ತಾರೆ. ಊರಹಬ್ಬಕ್ಕೆ ಸರ್ವರಿಗೂ ಸ್ವಾಗತ. ಮೇಲೆ ಅಮ್ಮನವರ ಚಿತ್ರ, ಕೆಳಗೆ ಸಾಲಾಗಿ ನಮ್ಮವರ ಮುಖಗಳು. ಕಪ್ಪು ಕನ್ನಡಕದವರು, ಕೈಮುಗಿದವರು, ಕಿವಿಗೆ ಫೋನು ಹಿಡಿದವರು. ಎಡಗಡೆ ಮೂಲೆಯಲ್ಲಿ ನನ್ನದೂ ಒಂದು ಮುಖ, ಅದರ ಕೆಳಗೆ ‘ಹಿರಿಯರು, ಮಾರ್ಗದರ್ಶಕರು’ ಎಂಬ ಅಕ್ಷರ. ನೋಡಿದಾಗಲೆಲ್ಲ ಕಲ್ಲು ತೆಗೆದುಕೊಂಡು ಹೊಡೆಯೋಣ ಎನಿಸುತ್ತದೆ. ಕಟ್ಟುವ ಹುಡುಗರಿಗೆ ಒಮ್ಮೆ, ನನ್ನ ಮುಖ ತೆಗೀರಪ್ಪ ಎಂದೆ. “ಬಿಡಿ ತಾತ, ಫೋಟೋಲಿ ಒಳ್ಳೆ ಹೀರೋ ಥರ ಇದ್ದೀರ” ಎಂದು ನಕ್ಕರು.

ನಾನು ಯಾರಿಗೂ ಮಾರ್ಗ ತೋರಿಸಿದವನಲ್ಲ. ಒಬ್ಬಳ ಮಾರ್ಗಕ್ಕೆ ಬೇಲಿ ಹಾಕಿದವನು. ಹಾಕಿದ್ದು ನಾನು, ಹೆಸರು ಹೇಳಿದ್ದು ದೇವರದು. ಹತ್ತನೇ ಕ್ಲಾಸು ಓದಿದವನಿಗೆ ಎಷ್ಟು ಬರೆಯಲು ಬರುತ್ತದೋ ಅಷ್ಟರಲ್ಲಿ ಅದನ್ನು ಬರೆದಿಡುತ್ತೇನೆ.

ಕೊಡಿಗೇಹಳ್ಳಿಗೂ ಅಲ್ಲಾಳಸಂದ್ರಕ್ಕೂ ನಡುವೆ ನಮ್ಮದೊಂದು ಸಣ್ಣ ಊರಿತ್ತು. ಈಗ ಅದನ್ನು ಊರು ಎನ್ನುವವರು ನಾವು ಹಳಬರ ಕೆಲವು ಮನೆಯವರು ಮಾತ್ರ. ಮಿಕ್ಕವರಿಗೆ ಅದೊಂದು ಕ್ರಾಸು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಾನೇ ಬಾಡಿಗೆ ಮನೆಗಳನ್ನು ಎಬ್ಬಿಸಿದ್ದೇನೆ. ಆದರೆ ಹಬ್ಬ ಬಂತೆಂದರೆ ನಮಗೆ ಊರು ನೆನಪಾಗುತ್ತದೆ, ಎಲ್ಲೆ ನೆನಪಾಗುತ್ತದೆ. ಮಾರಮ್ಮನ ಹಬ್ಬ ನಡೆಯುವುದು ಮಂಗಳವಾರ. ಅದರ ಹಿಂದಿನ ಮಂಗಳವಾರ ತಮಟೆ ಬಡಿದು ಹಬ್ಬ ಬಂತೆಂದು ಬೀದಿಬೀದಿಗೆ ಸಾರುತ್ತಾರೆ. ಇದಕ್ಕೆ ನಾವು ಸಾರು ಹಾಕುವುದು ಎನ್ನುತ್ತೇವೆ. ಸಾರು ಹಾಕಿದ ಮೇಲೆ ಹಬ್ಬ ಮುಗಿಯುವವರೆಗೆ ಊರಿನವರು ಯಾರೂ ಎಲ್ಲೆಯ ಆಚೆ ರಾತ್ರಿ ತಂಗಬಾರದು. ಹಗಲು ಎಲ್ಲಿಗೆ ಬೇಕಾದರೂ ಹೋಗಿ, ಕತ್ತಲಾದರೆ ಮನೆ ಸೇರಬೇಕು. ಬಾಡಿಗೆಯವರಿಗೆ ಈ ಕಟ್ಟುಪಾಡಿಲ್ಲ. ನಮಗೆ ಉಂಟು. ಹಬ್ಬದ ದಿನವನ್ನು ಗೊತ್ತುಮಾಡುವುದು ಊರ ಯಜಮಾನ. ಆಗ ಯಜಮಾನ ನಾನಾಗಿದ್ದೆ.

ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಬಂದ ಮರುವರ್ಷದ ಬೇಸಿಗೆ ಅದು. ನನ್ನ ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿದ್ದವರು ನಾನು, ಹೆಬ್ಬಾಳದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಮಗ, ಮತ್ತು ಸೊಸೆ. ಸೊಸೆ ಯಲಹಂಕದವಳು. ಒಂದು ಖಾಸಗಿ ಶಾಲೆಯಲ್ಲಿ ಆರು, ಏಳನೇ ಕ್ಲಾಸಿನವರಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಳು. ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದಾಗ ನಾವು ಹೋಗಿ ಹೆಣ್ಣು ಕೇಳಿದ್ದೆವು. “ಓದು ಅರ್ಧಕ್ಕೆ ನಿಲ್ಲಬಾರದು” ಎಂದು ಅವಳ ತಂದೆ ಹೇಳಿದಾಗ, “ಅಯ್ಯೋ, ನಮ್ಮ ಮನೇಲಿ ಓದಿಸ್ತೀವಿ ಬಿಡಿ” ಎಂದು ಎಲೆ ಅಡಿಕೆ ಹಿಡಿದುಕೊಂಡು ಹೇಳಿದವನು ನಾನು. ಮದುವೆಯಾಯಿತು, ಓದು ಅರ್ಧಕ್ಕೇ ನಿಂತಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಮನೆಗೆ ನೆಂಟರು ಬರುತ್ತಿದ್ದರು, ಅಷ್ಟೆ.

ಆ ವರ್ಷ ಅವಳು ಒಂದು ಕಾಗದ ತಂದು ನನ್ನ ಮುಂದೆ ಇಟ್ಟಳು. ಧಾರವಾಡದ ಒಂದು ಸಂಸ್ಥೆಯವರು ಕೆಲಸದಲ್ಲಿರುವ ಮೇಷ್ಟ್ರುಗಳಿಗಾಗಿಯೇ ಪ್ರಾಚೀನ ನಾಗರಿಕತೆಗಳ ಬಗ್ಗೆ ಒಂದು ಮೇಲ್ಮಟ್ಟದ ಕೋರ್ಸು ತೆರೆದಿದ್ದರು. ರಜೆಯಲ್ಲಿ ಅಲ್ಲಿಗೆ ಹೋಗಿ ಪಾಠ ಕೇಳಬೇಕು, ಮಿಕ್ಕ ದಿನ ಮನೆಯಿಂದ ಬರೆದು ಕಳಿಸಬೇಕು. ಮೊದಲು ಒಂದು ಪರೀಕ್ಷೆ, ಮಾರನೆಯ ದಿನ ಸಂದರ್ಶನ. ಅದರಲ್ಲಿ ಆಯ್ಕೆಯಾದರೆ ಮಾತ್ರ ಸೀಟು. ಮುಗಿಸಿದರೆ ಅವಳ ಶಾಲೆಯವರ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠದ ಕೆಲಸ ಕೊಡುತ್ತೇವೆಂದು ಹೆಡ್ಮಿಸ್ ಮಾತು ಕೊಟ್ಟಿದ್ದರಂತೆ.

“ಅದೆಲ್ಲ ಆಮೇಲೆ ಮಾವ. ನಂಗೆ ಓದ್ಬೇಕು, ಅಷ್ಟೆ. ಬಿಟ್ಟಲ್ಲಿಂದ ಓದ್ಬೇಕು” ಎಂದಳು.

“ಓದಮ್ಮ, ಯಾರು ಬೇಡ ಅಂದ್ರು?” ಎಂದೆ. ಆಗ ನಿಜವಾಗಿಯೇ ಹಾಗೆ ಅಂದುಕೊಂಡಿದ್ದೆ.

ಏಪ್ರಿಲಿನಲ್ಲಿ ಶಾಲೆಗೆ ರಜೆ ಬಿತ್ತು. ಬೆಳಿಗ್ಗೆ ಅಡುಗೆ ಮುಗಿಸಿ, ಮಗ ಅಂಗಡಿಗೆ ಹೊರಟ ಮೇಲೆ, ಅವಳು ಊಟದ ಮೇಜನ್ನು ಒರೆಸಿ ಪುಸ್ತಕ ಹರಡುತ್ತಿದ್ದಳು. ಫ್ರಿಜ್ಜಿನ ಬಾಗಿಲಿಗೆ ಒಂದು ಭೂಪಟ ಅಂಟಿಸಿದ್ದಳು. ಸಿಂಧೂ ನದಿ, ನೈಲ್ ನದಿ, ಟೈಗ್ರಿಸ್, ಯೂಫ್ರೆಟಿಸ್. ಹಾಲು ತೆಗೆಯಲು ಹೋದರೆ ಈಜಿಪ್ಟನ್ನು ಹಿಡಿದು ಎಳೆಯಬೇಕಾಗಿತ್ತು. ಮಧ್ಯಾಹ್ನ ಕರೆಂಟು ಹೋದಾಗ ಫ್ಯಾನಿಲ್ಲದೆ ನಾನೂ ಆ ಮೇಜಿನ ಹತ್ತಿರ ಬಂದು ಕೂರುತ್ತಿದ್ದೆ. ಅಲ್ಲಿ ಕಿಟಕಿ ಗಾಳಿ ಬರುತ್ತಿತ್ತು.

ಒಂದು ದಿನ ಅವಳು, “ಮಾವ, ಒಂದ್ ಉಪಕಾರ ಮಾಡ್ತೀರಾ? ನಾನು ಪಾಠ ಹೇಳ್ತೀನಿ, ನೀವು ಕೇಳಿ. ಅರ್ಥ ಆಗ್ದಿದ್ರೆ ನಿಲ್ಸಿ. ಸಂದರ್ಶನದಲ್ಲಿ ತಡವರಿಸಬಾರ್ದು ನೋಡಿ” ಎಂದಳು.

“ನಾನು ಎಸ್ಸೆಸ್ಸೆಲ್ಸಿ ಕಣಮ್ಮ. ಅದೂ ಎರಡು ಸಲ ಕಟ್ಟಿದವನು.”

“ಅದಕ್ಕೇ ನೀವು ಬೇಕು. ನಿಮ್ಮ ಮಗನಿಗೆ ಹೇಳಿದ್ರೆ ಎರಡನೇ ನಿಮಿಷಕ್ಕೆ ಗೊರಕೆ ಹೊಡೀತಾರೆ.”

ಹೀಗೆ ಶುರುವಾಯಿತು. ಆ ಬೇಸಿಗೆಯಲ್ಲಿ ನನಗೆ ಸಿಕ್ಕ ಸುಖ ನನಗೆ ಶಾಲೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ಹರಪ್ಪದವರ ಇಟ್ಟಿಗೆ ಎಲ್ಲ ಊರಲ್ಲೂ ಒಂದೇ ಅಳತೆಯ ಲೆಕ್ಕದಲ್ಲಿ ಇತ್ತು ಎಂದಾಗ ನಾನು ನೆಟ್ಟಗೆ ಕೂತೆ. ನಾನು ಕಟ್ಟಿಸಿದ ಮನೆಗಳಿಗೆ ಬಂದ ಒಂದು ಲೋಡು ಇಟ್ಟಿಗೆ ಇನ್ನೊಂದು ಲೋಡಿಗೆ ಹೊಂದಿದ್ದೇ ಇಲ್ಲ. “ಅವರಿಗೆ ಹೇಳೋರು ಕೇಳೋರು ಇದ್ರು ಅಂತಾಯ್ತು” ಎಂದೆ. “ಅದೇ ದೊಡ್ಡ ಪ್ರಶ್ನೆ ಮಾವ! ಯಾರು ಹೇಳೋರು ಅಂತಾನೇ ಯಾರಿಗೂ ಗೊತ್ತಿಲ್ಲ. ಅರಮನೆ ಸಿಕ್ಕಿಲ್ಲ, ರಾಜನ ಹೆಸರಿಲ್ಲ” ಎಂದು ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಸುಮೇರಿಯದವರು ಜೇಡಿಮಣ್ಣಿನ ಹಲಗೆಯ ಮೇಲೆ ಬರೆಯುತ್ತಿದ್ದುದು, ನೈಲ್ ನದಿಯ ನೆರೆಯನ್ನು ನೋಡಿ ಕಂದಾಯ ಕಟ್ಟುತ್ತಿದ್ದುದು, ಚೀನಾದವರು ಆಮೆಯ ಚಿಪ್ಪನ್ನು ಕಾಯಿಸಿ ಅದರ ಬಿರುಕು ನೋಡಿ ಭವಿಷ್ಯ ಕೇಳುತ್ತಿದ್ದುದು, ಎಲ್ಲವನ್ನೂ ಅವಳು ಪಕ್ಕದ ಬೀದಿಯ ಸುದ್ದಿಯಂತೆ ಹೇಳುತ್ತಿದ್ದಳು. ನಾನು ತಪ್ಪಾಗಿ ಏನಾದರೂ ಕೇಳಿದರೆ ಅವಳಿಗೆ ಇನ್ನೂ ಖುಷಿ. ಸಂಜೆ ಮಗ ಬಂದಾಗ ನಾನೇ ಅವನಿಗೆ ಟೈಗ್ರಿಸ್ ಎಲ್ಲಿದೆ ಎಂದು ಕೇಳಿ ಮುಖ ಕೆಡಿಸುತ್ತಿದ್ದೆ.

ಹಾಲ್ ಟಿಕೆಟ್ ಬಂತು. ಪರೀಕ್ಷೆ ಮೇ ತಿಂಗಳ ಒಂದು ಶನಿವಾರ, ಸಂದರ್ಶನ ಭಾನುವಾರ. ಯಶವಂತಪುರದಿಂದ ಶುಕ್ರವಾರ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸಿದಳು. ಹಾಲ್ ಟಿಕೆಟ್ಟನ್ನು ನನಗೇ ಮೊದಲು ತೋರಿಸಿದಳು. ದಿನಾಂಕ ನಾನು ಓದಿದೆ. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಇನ್ನು ನನ್ನ ಸಿಟ್ಟಿಗೆ ಕಾರಣವಾದ ಸಂಜೆಯ ಮಾತು. ಹೇಳಲು ನಾಚಿಕೆಯಾಗುವಷ್ಟು ಸಣ್ಣದು.

ಅಮ್ಮನವರ ಗುಡಿಯ ಕಟ್ಟೆಯ ಮೇಲೆ ನಾವು ಹಿರಿಯರು ಕೂತಿದ್ದೆವು. ನನ್ನ ಚಿಕ್ಕಪ್ಪನ ಮಗನೂ ಇದ್ದ. ನನಗಿಂತ ಚಿಕ್ಕವನು, ಜಮೀನು ಮಾರಿ ಅಪಾರ್ಟ್‌ಮೆಂಟ್ ಕಟ್ಟಿಸುವವನು, ಮಾತಿನಲ್ಲಿ ಚುಚ್ಚುವುದರಲ್ಲಿ ನಿಸ್ಸೀಮ. ಗುಡಿಗೆ ಬಣ್ಣ ಹೊಡೆಸಲು ಬಂದಿದ್ದ ಹೊರಗಿನ ಒಬ್ಬ ಕಾಂಟ್ರಾಕ್ಟರಿಗೆ ನಾನು ನಮ್ಮ ಊರಿನ ದೊಡ್ಡಸ್ತಿಕೆ ಹೇಳುತ್ತಿದ್ದೆ. ಹೊಸದಾಗಿ ಕಲಿತ ವಿದ್ಯೆ ಬೇರೆ ಇತ್ತಲ್ಲ. “ಈ ಗುಡಿ ಐದು ಸಾವಿರ ವರ್ಷದ್ದು. ಹರಪ್ಪದವರಿಗಿಂತ ನಾವು ಹಳಬರು” ಎಂದುಬಿಟ್ಟೆ. ಸೊಸೆ ದೀಪಕ್ಕೆ ಎಣ್ಣೆ ತಂದಿದ್ದಳು, ಅಲ್ಲೇ ನಿಂತಿದ್ದಳು. ಮನೆಯ ಮೇಜಿನ ಹತ್ತಿರ ನಗುವಂತೆಯೇ ನಕ್ಕಳು.

“ಮಾವ, ಬಾಗಿಲ ಮೇಲೆ ಗಾರೇಲಿ ಬರ್ದಿದಾರೆ ನೋಡಿ, ಕಟ್ಸಿದ್ದು ನಿಮ್ಮ ತಾತ! ಸುಮೇರಿಯದ ರಾಜರೂ ಹಿಂಗೇ. ಒಬ್ಬೊಬ್ರು ಸಾವಿರಾರು ವರ್ಷ ಆಳಿದ್ರು ಅಂತ ಬರ್ಸ್ಕೊಂಡಿದ್ರು.”

ಎಲ್ಲರೂ ನಕ್ಕರು. ಕಾಂಟ್ರಾಕ್ಟರೂ ನಕ್ಕ. ಅವಳು ಎಣ್ಣೆ ಹಾಕಿ, ದೀಪ ಸರಿಮಾಡಿ, ಮನೆಗೆ ಹೋದಳು. ಆಮೇಲೆ ಚಿಕ್ಕಪ್ಪನ ಮಗ ಶುರುಮಾಡಿದ.

“ಅಣ್ಣಯ್ಯ, ಯಜಮಾನಿಕೆ ಈಗ ಸೊಸೆದೇನು? ಧಾರ್ವಾಡಕ್ಕೆ ಒಬ್ಳೇ ಓಯ್ತಾಳಂತೆ? ಓದ್ಕಂಡ್ ಬಂದು ನಮ್ಗೆಲ್ಲಾ ಇತ್ಯಾಸ ಏಳ್ತಾಳೆ, ನಾವ್ ಕೈ ಕಟ್ಕಂಡ್ ಕುಂತ್ಕಬೇಕು.”

“ಏನೋ ಮಕ್ಕಳು” ಎಂದೆ.

“ಮಕ್ಳಲ್ಲ ಕಣಣ್ಣ, ಎಣ್ಮಕ್ಳು. ನಾಳೆ ಅಬ್ಬಕ್ಕೆ ತಲೆ ಮ್ಯಾಲೆ ಆರತಿ ಒರೋಕೆ ಯಾರ್ನ ಕರೀತೀಯ, ನೀನೇ ಸೀರೆ ಉಟ್ಕಂಡ್ ಒರ್ತೀಯಾ?”

ಮತ್ತೆ ನಕ್ಕರು. ನನ್ನ ಸಿಟ್ಟು ನ್ಯಾಯವಾಗಿ ಅವನ ಮೇಲೆ ಹೋಗಬೇಕಾಗಿತ್ತು. ಅವನ ಮೇಲೆ ಹೋಗಲಿಲ್ಲ. ಮನೆಯ ತನಕ ನಡೆದು ಬರುವಷ್ಟರಲ್ಲಿ ಅದು ಅವಳ ಮೇಲೆ ತಿರುಗಿತ್ತು. ನೀರು ತಗ್ಗಿಗೆ ಹರಿಯುವಂತೆ ಗಂಡಸಿನ ಸಿಟ್ಟು ತನಗಿಂತ ಕೆಳಗಿದ್ದವರನ್ನು ಹುಡುಕಿಕೊಂಡು ಹೋಗುತ್ತದೆ. ಅವಳು ಬಡಿಸಿದ ಮುದ್ದೆಯನ್ನು ಮಾತಾಡದೆ ತಿಂದೆ. “ಏನ್ ಮಾವ, ಹುಷಾರಿಲ್ವಾ?” ಎಂದು ಕೇಳಿದಳು. ತಾನು ನನ್ನನ್ನು ನೋಯಿಸಿದ್ದೇನೆಂಬ ಸುಳಿವೂ ಅವಳಿಗಿರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ. ಅವಳು ಸತ್ಯ ಹೇಳಿದ್ದಳು, ಅದೂ ನಾನೇ ಅವಳಿಗೆ ಕೊಟ್ಟ ಸಲಿಗೆಯಲ್ಲಿ.

ಆ ವಾರದಲ್ಲೇ ದಿನ ಇಡಲು ಗುಡಿಯಲ್ಲಿ ಸಭೆ ಸೇರಿತು. ಪೂಜಾರಿ ಪಂಚಾಂಗ ನೋಡಿ ಎರಡು ಮಂಗಳವಾರ ಹೇಳಿದರು. ಒಂದು ಮೇ ತಿಂಗಳ ನಡುವಿನದು, ಇನ್ನೊಂದು ಅದಕ್ಕೂ ಎರಡು ವಾರ ತಡವಾಗಿ. ಎಲ್ಲರೂ ತಡದ್ದೇ ಇರಲಿ ಎಂದರು. ಬಣ್ಣದ ಕೆಲಸ ಮುಗಿದಿರಲಿಲ್ಲ, ತಮಟೆಯವರೂ ಆಮೇಲೆ ಸಿಗುತ್ತೇವೆ ಎಂದಿದ್ದರಂತೆ. ಮೊದಲಿನ ಮಂಗಳವಾರ ಇಟ್ಟರೆ ಅದರ ಹಿಂದಿನ ಮಂಗಳವಾರ ಸಾರು ಬೀಳುತ್ತದೆ, ಆ ನಡುವೆ ಬರುವ ಶನಿವಾರ, ಭಾನುವಾರ ಯಾವುದು ಎಂದು ಆ ಸಭೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

“ಮೊದಲಿಂದೇ ಇರ್ಲಿ. ತಡ ಮಾಡಿದ್ರೆ ಮಳೆ ಹಿಡ್ಕೊಳ್ತದೆ” ಎಂದೆ.

“ಬಣ್ಣ?” ಎಂದರು ಯಾರೋ.

“ಎರಡಾಳು ಜಾಸ್ತಿ ಹಾಕ್ಸಿ.”

ಯಜಮಾನ ಹೇಳಿದ ಮೇಲೆ ಆಯಿತು. ಇಷ್ಟೇ ನಾನು ಮಾಡಿದ್ದು. ಯಾರ ಮೇಲೂ ಕೈಯೆತ್ತಲಿಲ್ಲ, ಕೂಗಾಡಲಿಲ್ಲ, ಪುಸ್ತಕ ಕಿತ್ತುಕೊಳ್ಳಲಿಲ್ಲ. ಎಲ್ಲರ ಎದುರಿಗೆ, ಗೌರವವಾಗಿ, ದೇವರ ಮುಂದೆ ಕೂತು ಒಂದು ಮಂಗಳವಾರವನ್ನು ಆರಿಸಿದೆ.

ಮನೆಗೆ ಬಂದು ಹೇಳಿದಾಗ ಅವಳು ಚಪಾತಿ ಲಟ್ಟಿಸುತ್ತಿದ್ದಳು. ಕೈ ನಿಂತಿತು. ಬೆರಳು ಮಡಿಸಿ ಲೆಕ್ಕ ಹಾಕಿದಳು.

“ಮಾವ, ಬೇರೆ ದಿನ ಇರ್ಲಿಲ್ವಾ?”

“ಪೂಜಾರಿ ಕೊಟ್ಟಿದ್ದು ಅದೊಂದೇ ದಿನ ಕಣಮ್ಮ. ನಾನೇನ್ ಮಾಡ್ಲಿ?”

ಇದು ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದರೆ, ಹೇಳುವಾಗ ನನಗೇ ಅಯ್ಯೋ ಪಾಪ ಎನಿಸಿತು. ಅವಳು ಗಂಡನ ಮುಖ ನೋಡಿದಳು. ಅವನು ಫೋನಿನಿಂದ ತಲೆ ಎತ್ತದೆ, “ಅಪ್ಪ ಏನ್ ಮಾಡಕ್ಕಾಗುತ್ತೆ? ಮುಂದಿನ ವರ್ಷ ಬರಿ ಬಿಡು” ಎಂದ. ಮುಂದಿನ ವರ್ಷವೆಂಬುದು ನಮ್ಮ ಮನೆಯ ಹೆಂಗಸರಿಗೆ ನಾವು ಧಾರಾಳವಾಗಿ ದಾನ ಮಾಡುವ ವಸ್ತು.

ಇನ್ನೂ ಕೆಟ್ಟದ್ದು ಆಮೇಲೆ ನಡೆಯಿತು. ಸಾರು ಹಾಕಿದ ಮಾರನೆಯ ದಿನ ಚಿಕ್ಕಪ್ಪನ ಮಗ ತನ್ನ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಹುಡುಗ ಎಂದರೆ ಹುಡುಗನಲ್ಲ, ಮೀಸೆ ಬಂದವನು, ಅಪ್ಪನ ಜೊತೆ ವ್ಯವಹಾರ ನೋಡಿಕೊಳ್ಳುವವನು.

“ದೊಡ್ಡಪ್ಪ, ಫ್ರೆಂಡ್ಸ್ ಜೊತೆ ಬ್ಯಾಂಕಾಕ್‌ಗೆ ಟಿಕೆಟ್ ಬುಕ್ ಆಗೋಗಿದೆ. ಹಬ್ಬದ ದಿನ ಬೆಳಿಗ್ಗೆ ವಾಪಸ್ ಬಂದ್ಬಿಡ್ತೀನಿ. ಏನಾದ್ರೂ ದಾರಿ ಹೇಳಿ.”

ಅವನ ಅಪ್ಪ ನನ್ನ ಕಿವಿಯ ಹತ್ತಿರ ಬಂದು, “ಬೇಡ ಅನ್ಬೇಡ ಕಣಣ್ಣ, ಕ್ಯಾನ್ಸಲ್ ಮಾಡಿದ್ರೆ ನನ್ ಮ್ಯಾಲೆ ಆರಾಡ್ತಾನೆ” ಎಂದ.

ನಮ್ಮಲ್ಲಿ ಗಂಡಸರಿಗೆ ದಾರಿ ಯಾವಾಗಲೂ ಇದ್ದೇ ಇತ್ತು. ರಾತ್ರಿ ಏರ್‌ಪೋರ್ಟಿಗೆ ಗಾಡಿ ಓಡಿಸುವವರು, ಕಾರಿನಲ್ಲಿ ಕೂತೇ ಕಣ್ಣು ಮುಚ್ಚಿದರೆ ಅದು ತಂಗಿದ ಲೆಕ್ಕವಲ್ಲ ಎನ್ನುತ್ತಿದ್ದರು. ನಾವೂ ಹೌದೆನ್ನುತ್ತಿದ್ದೆವು. ತೀರ ದೂರ ಹೋಗಬೇಕಾದವರು ಗುಡಿಯ ಮುಂದಿನ ಮಣ್ಣನ್ನು ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಊರ ಮಣ್ಣು ಜೊತೆಗಿದ್ದರೆ ಊರಲ್ಲೇ ಮಲಗಿದ ಹಾಗೆ.

“ಮಣ್ಣು ಕಟ್ಕೊಂಡು ಹೋಗು” ಎಂದೆ.

“ಥ್ಯಾಂಕ್ಸ್ ದೊಡ್ಡಪ್ಪ! ಬ್ಯಾಗಲ್ಲಿಟ್ರೆ ನಡೆಯುತ್ತಾ, ಮೈಮೇಲೇ ಇರ್ಬೇಕಾ?”

ಆಗ ಸೊಸೆ ಒಳಗಿನಿಂದ ಬಂದಳು. ಕಾಫಿ ಲೋಟಗಳ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. ಅವಳ ಮುಖದಲ್ಲಿ ಬೆಳಕಿತ್ತು. ಅದನ್ನು ನಾನು ಮರೆತಿಲ್ಲ. ದಾರಿ ಸಿಕ್ಕಿತು ಎಂದು ಅವಳು ನಂಬಿದ್ದಳು.

“ಮಾವ, ಹಂಗಾದ್ರೆ ನಾನೂ ಮಣ್ಣು ಕಟ್ಕೊಂಡು ಹೋಗ್ತೀನಿ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಬಂದ್ಬಿಡ್ತೀನಿ. ಆರತಿ ತಂಬಿಟ್ಟಿನ ಅಕ್ಕೀನ ವಾಪಸ್ ಬಂದ್ಮೇಲೆ ಕುಟ್ತೀನಿ. ಟಿಕೆಟ್ ಇನ್ನೂ ಹಂಗೇ ಇದೆ.”

ಚಿಕ್ಕಪ್ಪನ ಮಗ ನನ್ನ ಕಡೆ ನೋಡಿದ. ಕಟ್ಟೆಯ ಮೇಲೆ ನಕ್ಕಾಗ ಇದ್ದ ಅದೇ ನೋಟ.

“ಹೆಣ್ಮಕ್ಕಳಿಗೆ ಮಣ್ಣು ನಡಿಯಲ್ಲಮ್ಮ” ಎಂದೆ.

ಅಂಥ ಒಂದು ಕಟ್ಟು ನಮ್ಮ ಊರಿನಲ್ಲಿ ಇರಲಿಲ್ಲ. ನಾನು ಕೇಳಿರಲಿಲ್ಲ, ನಮ್ಮಪ್ಪ ಹೇಳಿರಲಿಲ್ಲ. ಹೆಂಗಸರು ಆ ದಿನಗಳಲ್ಲಿ ದೂರ ಹೋಗುತ್ತೇನೆ ಎಂದು ಕೇಳಿದ್ದೇ ಇಲ್ಲವಾದ್ದರಿಂದ ಅದರ ಮಾತೇ ಬಂದಿರಲಿಲ್ಲ. ಕಾಫಿ ಆರುವ ಮೊದಲು ನಾನೇ ಹುಟ್ಟಿಸಿದ ಕಟ್ಟು ಅದು. ಅದಕ್ಕೆ ಚಿಕ್ಕಪ್ಪನ ಮಗ ಕೂಡಲೇ ದನಿಗೂಡಿಸಿದ.

“ಊ ಕಣಮ್ಮ, ನಮ್ಮಜ್ಜಿ ಕಾಲ್ದಿಂದ್ಲೂ ಅಂಗೇ ಐತೆ. ಎಣ್ಮಕ್ಳು ಮಣ್ ಮುಟ್ಟಂಗಿಲ್ಲ.”

ಒಂದು ನಿಮಿಷದ ಹಿಂದೆ ಹುಟ್ಟಿದ್ದಕ್ಕೆ ಅಜ್ಜಿಯ ಕಾಲದ ವಯಸ್ಸಾಯಿತು. ಹಳೆಯದು ಎನ್ನುವುದು ಹೇಗೆ ತಯಾರಾಗುತ್ತದೆ ಎಂದು ಅವಳು ಪುಸ್ತಕದಲ್ಲಿ ಹುಡುಕುತ್ತಿದ್ದಳು. ನಾವು ಅವಳ ಎದುರಿಗೇ ಮಾಡಿ ತೋರಿಸಿದೆವು.

“ಗುಡಿ ಮುಂದೆ ದಿನಾ ಗುಡಿಸಿ ಸಾರಿಸೋರು ಯಾರು ಚಿಕ್ಕಮಾವ?” ಎಂದು ಅವಳು ಕೇಳಿದಳು. ಅವನು ಕಾಫಿ ಕುಡಿಯುತ್ತಿದ್ದ. ಅವಳು ನನ್ನನ್ನು ನೋಡಿದಳು. “ದೇವರ ವಿಷಯ ಕಣಮ್ಮ, ವಾದ ಮಾಡ್ಬಾರ್ದು” ಎಂದೆ. ಅವಳು ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಶುಕ್ರವಾರ ಅವಳು ಟಿಕೆಟ್ ರದ್ದು ಮಾಡಿದಳು. ಶನಿವಾರ ಪರೀಕ್ಷೆ ನಡೆಯುವ ಹೊತ್ತಿನಲ್ಲಿ ಹಿತ್ತಿಲಲ್ಲಿ ಕೂತು ನೆನೆಸಿದ ಅಕ್ಕಿಯನ್ನು ಬಟ್ಟೆಯ ಮೇಲೆ ಹರಡುತ್ತಿದ್ದಳು. ನಾನು ಕಿಟಕಿಯಿಂದ ನೋಡಿದೆ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳಲು ಒಂದು ಅವಕಾಶವಾದರೂ ಸಿಗುತ್ತಿತ್ತು, ಅಷ್ಟರಮಟ್ಟಿಗೆ ನೀಚನಾಗಿದ್ದೆ ನಾನು. ಮಂಗಳವಾರ ಯಜಮಾನನ ಮನೆಯ ಸೊಸೆಯಾಗಿ ಮೊದಲ ಆರತಿಯನ್ನು ತಲೆಯ ಮೇಲೆ ಹೊತ್ತು ಬರಿಗಾಲಿನಲ್ಲಿ ಡಾಂಬರಿನ ಮೇಲೆ ನಡೆದಳು. ಬ್ಯಾಂಕಾಕಿನಿಂದ ಅದೇ ಬೆಳಿಗ್ಗೆ ಇಳಿದವನು ಮುಂದೆ ಕುಣಿಯುತ್ತಿದ್ದ. ಜನ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ನನ್ನ ಸುಳ್ಳು ಹೊರಬಿದ್ದದ್ದು ಮಳೆ ಹಿಡಿದ ಮೇಲೆ. ಪೂಜಾರಿ ಯಾವುದೋ ಕೆಲಸಕ್ಕೆ ಮನೆಗೆ ಬಂದಿದ್ದರು. ಸೊಸೆ ಅವರಿಗೆ ಹಾಲು ತಂದುಕೊಟ್ಟಳು. ಅವರು ಒಳ್ಳೆಯ ಮನುಷ್ಯ, ಮನಸ್ಸಿನಲ್ಲಿ ಏನೂ ಇರಲಿಲ್ಲ.

“ಯಜಮಾನ್ರು ಮಳೆ ಲೆಕ್ಕ ಸರಿಯಾಗಿ ಹಾಕಿದ್ರಮ್ಮ. ನಾನು ಎರಡು ಮಂಗಳವಾರ ಕೊಟ್ಟಿದ್ದೆ. ಎಲ್ಲಾರೂ ಎರಡನೇದು ಅಂದ್ರೆ, ಇವರೊಬ್ರೇ ಪಟ್ಟು ಹಿಡಿದು ಮೊದಲ್ನೇದು ಮಾಡ್ಸಿದ್ರು. ಆ ಎರಡನೇ ಮಂಗಳವಾರ ನೋಡಿ, ಎಂಥಾ ಮಳೆ!”

ಅವಳು ಅವರನ್ನು ಗೇಟಿನವರೆಗೆ ಕಳಿಸಿದಳು. ಬಾಗಿಲು ಹಾಕಿ ಬಂದು ನನ್ನೆದುರು ನಿಂತಳು.

“ಎರಡು ದಿನ ಇತ್ತಾ ಮಾವ?”

ನಾನು ಮಳೆ ಎಂದೆ. ಬಣ್ಣ ಎಂದೆ. ಜನ ಎಂದೆ. ಅವಳು ಕಾದಳು. ನನ್ನ ಮಾತು ತೀರಿತು.

“ಗುಡಿ ಹತ್ರ ನಕ್ಕಿದ್ದಕ್ಕಾ?” ಎಂದು ಕೇಳಿದಳು.

ಇತಿಹಾಸ ಓದಿದವಳು, ಕಾರಣವನ್ನು ನೇರವಾಗಿ ಹೋಗಿ ಮುಟ್ಟಿದಳು. ನಾನು ತಲೆ ತಗ್ಗಿಸಿದೆ.

“ನೀವು ಹೋಗ್ಬೇಡ ಅಂದಿದ್ರೆ ನಾನು ಜಗಳ ಆಡ್ತಿದ್ದೆ ಮಾವ. ಜಗಳ ಆಡಿ ಹೋಗೇ ಹೋಗ್ತಿದ್ದೆ. ನಿಮ್ಮ ಹತ್ರ ಜಗಳ ಆಡೋ ಸಲಿಗೆ ನಂಗಿತ್ತು. ನೀವು ದೇವರನ್ನ ಮಧ್ಯ ತಂದು ನಿಲ್ಲಿಸಿದ್ರಿ. ನಾನು ಅಮ್ಮನವರ ಮೇಲೆ ಸಿಟ್ಟು ಮಾಡ್ಕೊಂಡು ಆರತಿ ಹೊತ್ತೆ, ಗೊತ್ತಾ? ದಾರಿ ಉದ್ದಕ್ಕೂ ಬೈಕೊಂಡು ಹೊತ್ತೆ. ಪಾಪ, ಆ ತಾಯಿದೇನಿತ್ತು.”

ಆ ಕೋರ್ಸು ಮತ್ತೆ ಬರಲಿಲ್ಲ. ಸಂಸ್ಥೆಯವರು ಅದನ್ನು ಒಂದೇ ತಂಡಕ್ಕೆ ನಡೆಸಿ ನಿಲ್ಲಿಸಿದರು. ಪಿಯು ಕಾಲೇಜಿಗೆ ಬೇರೆ ಯಾರನ್ನೋ ತೆಗೆದುಕೊಂಡರು. ಅವಳು ಇಂದಿಗೂ ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಹರಪ್ಪವನ್ನು ಒಂದೇ ಪಾಠದಲ್ಲಿ ಮುಗಿಸುತ್ತಾಳೆ. ಭೂಪಟ ಫ್ರಿಜ್ಜಿನಿಂದ ಇಳಿಯಿತು. ನನಗೆ ಊಟ, ಔಷಧಿ, ಬಿಸಿನೀರು ಯಾವುದಕ್ಕೂ ಕಡಿಮೆಯಾಗಲಿಲ್ಲ. ಮಾವ ಎಂದೇ ಕರೆಯುತ್ತಾಳೆ. ಪಾಠ ಮಾತ್ರ ನಿಂತುಹೋಯಿತು. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದಾಗ ನಾನು ಆ ಮೇಜಿನ ಹತ್ತಿರ ಹೋಗಿ ಕೂತೆ, ಒಂದೆರಡು ಸಲ. ಅವಳು ಎದ್ದು ಒಳಗೆ ಹೋದಳು.

ಮರುವರ್ಷ ದಿನ ಇಡುವ ಸಭೆಯಲ್ಲಿ ನಾನು ಎದ್ದು ನಿಂತೆ. ಹೋದ ವರ್ಷ ನಾನು ಮಾಡಿದ್ದು ಮೋಸ, ಸೊಸೆಯನ್ನು ತಡೆಯಲು ದಿನ ಆರಿಸಿದೆ, ಹೆಂಗಸರಿಗೆ ಮಣ್ಣು ನಡೆಯುವುದಿಲ್ಲ ಎಂಬುದು ನಾನು ಕಟ್ಟಿದ ಸುಳ್ಳು, ಕೆಲಸವಿದ್ದವರು ಗಂಡಾಗಲಿ ಹೆಣ್ಣಾಗಲಿ ಹೋಗಿ ಬರಲಿ ಎಂದೆ.

“ಅಣ್ಣಯ್ಯನಿಗೆ ಬಿಪಿ ಮಾತ್ರೆ ಜಾಸ್ತಿ ಆಗೈತೆ, ಕುಂಡ್ರಿಸ್ರಪ್ಪ” ಎಂದ ಚಿಕ್ಕಪ್ಪನ ಮಗ. ನಕ್ಕರು. ಆಮೇಲೆ ಆ ವರ್ಷದ ಆರ್ಕೆಸ್ಟ್ರಾ ಯಾರದು ಎಂಬ ಮಾತಿಗೆ ಹೋದರು. ನಾನು ಹುಟ್ಟಿಸಿದ ಕಟ್ಟನ್ನು ನಾನೇ ಸುಳ್ಳು ಎಂದರೂ ಅದು ಸಾಯಲಿಲ್ಲ. “ಅದೆಂಗಾಯ್ತದೆ, ಅಜ್ಜಿ ಕಾಲ್ದಿಂದ್ಲೂ ಇದ್ದದ್ದು” ಎಂದು ನನಗೇ ಬುದ್ಧಿ ಹೇಳಿದವರಿದ್ದಾರೆ. ಯಜಮಾನಿಕೆ ಬಿಡುತ್ತೇನೆ ಎಂದೆ. ಅದನ್ನು ಮಾತ್ರ ಚಿಕ್ಕಪ್ಪನ ಮಗ ತಕ್ಷಣ ಒಪ್ಪಿಕೊಂಡ.

ಮನೆಗೆ ಬಂದು ಸೊಸೆಗೆ ಎಲ್ಲ ಹೇಳಿದೆ. ಏನನ್ನು ಬಯಸಿ ಹೇಳಿದೆನೆಂದು ನನಗೆ ಗೊತ್ತು. ಹೋಗಲಿ ಬಿಡಿ ಮಾವ ಎನ್ನುತ್ತಾಳೆ ಎಂದು.

“ಸಭೇಲಿ ಹೇಳಿದ್ರಾ?” ಎಂದಳು. “ನನ್ನ ವಿಷಯನ? ನನ್ನ ಕೇಳ್ದೇನೆ? ಈಗ ಅವರೆಲ್ಲಾ ನನ್ನ ನೋಡಿ ಅಯ್ಯೋ ಅಂತಾರೆ, ಇಲ್ಲಾ ಆಡ್ಕೋತಾರೆ. ನಿಮ್ಮ ಮನಸ್ಸು ಹಗುರ ಆಯ್ತಾ?”

ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು. ನಾನು, “ಏನು ಮಾಡಲಿ ಹೇಳಮ್ಮ, ಮಾಡ್ತೀನಿ” ಎಂದೆ.

“ಏನೂ ಮಾಡ್ಬೇಡಿ. ಇನ್ನ್ಮೇಲೆ ನಾನು ಎಲ್ಲಿಗಾದ್ರೂ ಹೊರಟ್ರೆ ಈ ಮನೇಲಿ ಯಾರೂ ನನ್ನ ಎಲ್ಲಿಗೆ ಅಂತ ಕೇಳ್ಕೂಡ್ದು. ಯಾಕೆ ಅಂತಾನೂ ಕೇಳ್ಕೂಡ್ದು. ನೀವೂ ಅಷ್ಟೆ, ನಿಮ್ಮ ಮಗಾನೂ ಅಷ್ಟೆ.”

ಆ ವರ್ಷ ಸಾರು ಹಾಕಿದ ಎರಡನೆಯ ದಿನ, ಮಟಮಟ ಮಧ್ಯಾಹ್ನ, ಅವಳು ಒಂದು ಚೀಲ ಹಾಕಿಕೊಂಡು ಹೊರಟಳು. ಅಡುಗೆ ಮಾಡಿಟ್ಟಿದ್ದಳು. ಮಗ ಬಾಯಿ ತೆರೆದ, ನಾನು ಅವನ ಕಡೆ ನೋಡಿದೆ, ಮುಚ್ಚಿದ. ಆಟೋ ಗೇಟಿನ ಹತ್ತಿರ ಬಂತು. ಅವಳು ಹಿಂತಿರುಗಿ ನೋಡದೆ ಹತ್ತಿದಳು. ಸಂಜೆಯೊಳಗೆ ಸುದ್ದಿ ಗುಡಿಯ ಕಟ್ಟೆ ತಲುಪಿತು. ಹೊಸ ಯಜಮಾನನಾದ ಚಿಕ್ಕಪ್ಪನ ಮಗ ಇಬ್ಬರನ್ನು ಕಟ್ಟಿಕೊಂಡು ಬಂದ.

“ಏನಣ್ಣ ಇದು, ಸೊಸೆ ಎಲ್ಲೆ ದಾಟವ್ಳೆ? ಎಲ್ಲಿಗೆ ಓದ್ಲು?”

“ನಾನು ಕೇಳ್ಲಿಲ್ಲ” ಎಂದೆ.

“ಕೇಳ್ಲಿಲ್ವಾ? ಮನೆ ಯಜಮಾನ ಆಗಿ ಕೇಳ್ಲಿಲ್ವಾ?”

“ಕೇಳ್ಲಿಲ್ಲ ಕಣೋ. ಕಿವಿ ಕೇಳ್ಸಲ್ವಾ ನಿಂಗೆ?”

ನನ್ನ ದನಿ ಬೀದಿಗೆಲ್ಲ ಕೇಳಿಸಿರಬೇಕು, ಮೇಲಿನ ಮನೆಯ ಬಾಡಿಗೆಯವರು ಇಣುಕಿ ನೋಡಿದರು. ಆ ಹಬ್ಬದಲ್ಲಿ ನಮ್ಮ ಮನೆಯಿಂದ ಆರತಿ ಹೋಗಲಿಲ್ಲ. ನಮಗೆ ತೀರ್ಥ ಕೊನೆಗೆ ಕೊಟ್ಟರು. ಆ ಕಟ್ಟೆಯ ಮೇಲೆ ಕೂರುವುದನ್ನು ನಾನೂ ಬಿಟ್ಟೆ. ಫ್ಲೆಕ್ಸಿನಿಂದ ಮಾತ್ರ ನನ್ನನ್ನು ಇಳಿಸುವುದಿಲ್ಲ, ಹಳೇ ಮನೆತನದ ಮುಖವೊಂದು ಅವರಿಗೆ ಬೇಕು.

ಅವಳು ಹಬ್ಬ ಮುಗಿದ ಮೇಲೆ ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ತುಟಿ ಒಡೆದಿತ್ತು, ಚಪ್ಪಲಿಯ ತುಂಬ ಬಿಳಿಯ ಧೂಳು. ಅದು ನಮ್ಮ ಕಡೆಯ ಧೂಳಲ್ಲ. ಕೈಕಾಲು ತೊಳೆದು ಒಲೆ ಹಚ್ಚಿದಳು. ಬೇಳೆ ಬೇಯುವಾಗ ಏನನ್ನೋ ನೆನೆದು ತನ್ನಷ್ಟಕ್ಕೆ ನಕ್ಕಳು. ಅವಳು ಎಲ್ಲಿಗೆ ಹೋಗಿದ್ದಳು, ಏನು ನೋಡಿದಳು, ಒಬ್ಬಳೇ ಹೋಗಿದ್ದಳೋ ಜೊತೆಯವರಿದ್ದರೋ, ಅಲ್ಲಿ ಇಟ್ಟಿಗೆಗಳಿದ್ದವೋ ಎಂದು ಕೇಳಬೇಕೆಂದು ನನ್ನ ನಾಲಗೆ ತುದಿಯವರೆಗೆ ಬಂತು. ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತೆ. ಅವಳು ಬಡಿಸಿದಳು. ನಾನು ಉಂಡೆ. ಇವತ್ತಿನವರೆಗೂ ಕೇಳಿಲ್ಲ.